ಕೊಡದಾಗ ಮೀನು ತಂದ ಡ್ರಿಲ್ ಮಾಸ್ತರು

ನಮ್ಮ ಡ್ರಿಲ್ ಮಾಸ್ತರಿಗೆ ಸುಮ್ಮನ ಕುಂದ್ರೋದು ಒಂದು ಬಿಟ್ಟು ಎಲ್ಲಾ ಬರ್ತಿತ್ತು. ಚಾದ ಅಂಗಡ್ಯಾಗ ಕುಂತ್ರ ಕಾಲು ಕುಣಸ್ತಿದ್ರು, ಹೆಡ್ ಮಾಸ್ತರ ಮುಂದ ನಿಂತ್ರ ಮೀಸಿ ತೀಡ್ತಿದ್ರು, ಮಲಗಿದಾಗೂ ಕೈ ಆಡಸ್ತಿದ್ರಂತ, ಅವರ ಮಗಳು ಹೇಳ್ತಿದ್ಲು. ಇಂಥಾ ಮನಷ್ಯಾ ದಿನಾ ಮುಂಜಾನೆ ನಮ್ಮ ಹೈಸ್ಕೂಲಿನ ಬಯಲಾಗ ನಿಂತು ಹುಡುಗರಿಗೆಲ್ಲಾ 'ಅಲಗಾಡಬ್ಯಾಡ್ರಲೇ' ಅಂತ ಒದರ್ತಿದ್ರು. ಹುಡುಗರು ಕಲ್ಲಿನಂಗ ನಿಲ್ಲತಿದ್ರು, ಇವರು ಅವರ ಸುತ್ತ ಗಾಣದ ಎತ್ತಿನಂಗ ತಿರಗ್ತಿದ್ರು.

ಹ್ವಾದ ತಿಂಗಳ ಅವರು ತೀರಿಕೊಂಡ್ರು. ತುಂಬಿದ ವಯಸ್ಸು, ಮಗಳ ಮನ್ಯಾಗ, ಮೊಮ್ಮಕ್ಕಳು ಸುತ್ತ ಕುಂತಾಗ. ಸುದ್ದಿ ಹೇಳಾಕ ಬಂದ ಅಳಿಯ ನಮ್ಮ ಕಟ್ಟಿ ಮ್ಯಾಲ ಕುಂತು ಕಣ್ಣು ಒರಸ್ಕೊಂಡ. ನಾನೂ ಒರಸ್ಕೊಂಡೆ. ಜರಾ ಹೊತ್ತು ಬಿಟ್ಟು ಅವ, 'ಪಂಡಿತರ, ಆ ಕೊಡದ ಸುದ್ದಿ ನೆನಪೈತೇನ್ರಿ?' ಅಂದ. ಅಷ್ಟ ಸಾಕಾತು ನೋಡ್ರಿ, ಇಬ್ಬರೂ ನಕ್ಕಿದ್ದ ನಕ್ಕಿದ್ದು. ಒಳಗಿಂದ ನನ್ನ ಹೆಂಡತಿ ಬಂದು, 'ಸತ್ತ ಮನಿ ಸುದ್ದಿ ತಂದವರು ಹಿಂಗ ನಗತಾರೇನ್ರಿ, ಮಂದಿ ಏನಂದಾರು' ಅಂತ ಬೈದ್ಲು. ಬೈಕೋತ ಆಕಿನೂ ನಕ್ಕಳು.

ಮಾಸ್ತರ ದನಿ ಅಂದ್ರ ದನಿ. ಒಮ್ಮೆ ಸಾಲಿ ಹುಡುಗರನ್ನ ಗೋಳಗುಮ್ಮಟಕ್ಕ ಕರಕೊಂಡು ಹೋಗಿದ್ವಿ. ಮ್ಯಾಲ ಹೋಗಿ ಹುಡುಗರು ಗದ್ದಲ ಹಚ್ಚಿದಾಗ ಇವರು 'ಸುಮ್ಮಿರ್ರಲೇ' ಅಂದ್ರು. ಗುಮ್ಮಟ ಅದನ್ನ ಹೊಳ್ಳಿ ಹೊಳ್ಳಿ ಇವರಿಗೇ ಅಂತು. ಮಾಸ್ತರು ಗಳಿಗಿ ಹೊತ್ತು ಖರೇನ ಸುಮ್ಮಾದ್ರು. ಆಮ್ಯಾಲ ನನ್ನ ಕಡೆ ತಿರುಗಿ, 'ನನಗ ಎದುರು ಮಾತಾಡಿದಾವ ಇವನೊಬ್ಬ ನೋಡ್ರಿ ಪಂಡಿತರ' ಅಂತ ಗ್ವಾಡಿಗೆ ಕೈ ಮಾಡಿ ತೋರಿಸಿದ್ರು.

ನಾನು ಅದೇ ಸಾಲ್ಯಾಗ ಕನ್ನಡ ಕಲಸ್ತಿದ್ದೆ. ಅದಕ್ಕ ನನಗ ಪಂಡಿತರ ಅಂತಿದ್ರು, ಅರ್ಧಾ ಮರ್ಯಾದಿ, ಅರ್ಧಾ ಚಾಷ್ಟಿ. ಅರವತ್ತನೆ ಇಸವಿ ಆಸುಪಾಸಿನ ಮಾತು ಇದು. ವಿಜಾಪುರದಾಗ ಅಥಣಿ ರಸ್ತೆದ ಕಡೆ ಒಂದು ವಾಡೇದಾಗ ಅವರ ಬಾಡಿಗಿ ಮನಿ, ಮಗ್ಗಲಕ್ಕ ನಮ್ಮದು. ಅವರು ಹುಟ್ಟಿದ್ದು ಕೃಷ್ಣಾ ಹೊಳಿ ದಂಡೀ ಮ್ಯಾಲಿನ ಹಳ್ಳ್ಯಾಗ, ಅಂಬಿಗರ ಮನ್ಯಾಗ. 'ನಡಿಯೋದಕ್ಕಿಂತ ಮೊದಲ ಈಸಾಕ ಕಲ್ತಾಂವ ನಾನು' ಅಂತಿದ್ರು. ನಮ್ಮ ಊರಾಗ ಈಸಾಕ ನೀರೆಲ್ಲೈತಿ? ಬ್ಯಾಸಗ್ಯಾಗ ಒಂದು ಕೊಡ ತುಂಬಿಸ್ಕೊಂಡು ಬಂದ್ರ ಯುದ್ಧಾ ಗೆದ್ದಂಗ.

ಮಾಸ್ತರ ಹೆಂಡತಿ, ಮಗಳು ಸಣ್ಣಾಕಿ ಇದ್ದಾಗ ತೀರಿಕೊಂಡಿದ್ಲು. ರೊಟ್ಟಿ ಬಡಿಯೋದು, ಮಗಳಿಗೆ ಎಣ್ಣಿ ಹಚ್ಚಿ ಹೆರಳು ಹಾಕೋದು ಎಲ್ಲಾ ಮಾಸ್ತರು ತಾವ ಕಲ್ತಿದ್ರು. ಹೆರಳು ಹಾಕುವಾಗೂ 'ಏಕ್, ದೋ, ಏಕ್, ದೋ' ಅಂತಿದ್ರು, ಮಗಳು ಆ ತಾಳಕ್ಕ ತಲಿ ಅಲಗಾಡಿಸಿ ಬೈಸ್ಕೋತಿದ್ಲು. ಇನ್ನೊಂದು ಲಗ್ನಾ ಆಗ್ರಿ ಅಂದವರಿಗೆಲ್ಲಾ ಅವರದು ಒಂದ ಉತ್ತರ. 'ನನ್ನ ಮಾತು ಕೇಳಾಕ ಒಬ್ಬಾಕಿ ಅದಾಳ್ರಿ. ಇನ್ನೊಬ್ಬಾಕಿ ಬಂದ್ರ ಆಕಿ ಮಾತು ನಾ ಕೇಳಬೇಕಾಗತೈತಿ.' ಹಿಂಗ ನಗಿಸಿ ಕಳಸ್ತಿದ್ರು. ಖರೆ ಏನಂದ್ರ, ಆ ಮಗಳ ಮ್ಯಾಲ ಅವರ ಜೀವ ಇತ್ತು.

ನಾವು ಲಿಂಗವಂತರು. ಮೀನಿನ ಮಾತು ನಮ್ಮ ಅಡಗಿ ಮನಿ ಹೊಸ್ತಿಲಾ ದಾಟಂಗಿರಲಿಲ್ಲ. ನನ್ನ ಹೆಂಡತಿ ಕಟ್ಟಿ ಮ್ಯಾಲ ಮಾಸ್ತರಿಗೆ ಚಾ ಕೊಡ್ತಿದ್ಲು, ಅವರ ಮೀನಿನ ಪುರಾಣ ಸುರು ಆಗೂದ ತಡ ಒಳಗ ಹೋಗಿ ಭಾಂಡೆ ಸಪ್ಪಳ ಮಾಡ್ತಿದ್ಲು. ನಾನು ಮಾತ್ರ ಬಾಯಿ ತೆರಕೊಂಡು ಕೇಳ್ತಿದ್ದೆ. ತಿನ್ನೋ ಆಸೆ ಅಲ್ಲ, ಕೇಳೋ ಆಸೆ. ಹೊಳಿ ತುಂಬಿ ಬಂದಾಗ ಮೀನು ಎಲ್ಲಿ ನಿಲ್ಲತಾವ, ಇಳದಾಗ ಎಲ್ಲಿ ಅಡಗತಾವ, ಗಾಳಕ್ಕ ಏನು ಚುಚ್ಚಬೇಕು, ಅವರು ಕೈ ಕಾಲು ಎಲ್ಲಾ ಆಡಿಸಿ ಹೇಳಿದ್ರ ನಮ್ಮ ಕಟ್ಟೀನ ಹೊಳಿ ದಂಡಿ ಆಗ್ತಿತ್ತು.

ಮಗಳನ್ನ ತಿಕೋಟಾಕ್ಕ ಕೊಟ್ಟಿದ್ರು. ತಮ್ಮ ಪೈಕಿ ಮನೀನ, ಆದ್ರ ಹೊಳಿ ಬಿಟ್ಟು ಒಕ್ಕಲುತನ ಹಿಡದವರು. ಲಗ್ನಾದ ಮರುವರ್ಷ ಬ್ಯಾಸಗ್ಯಾಗ ಅಳಿಯ ನೆಟ್ಟಗ ಸಾಲಿಗೇ ಬಂದ. ಮಗಳು ಬಸರಿ ಅನ್ನೋ ಸುದ್ದಿ ಮೊದಲ ಬಂದಿತ್ತು, ಮಾಸ್ತರು ಸಾಲಿಗೆಲ್ಲಾ ಫೇಡೆ ಹಂಚಿದ್ರು. ಆದ್ರ ಅಂದು ಆ ಹುಡುಗನ ಮಾರ್‍ಯಾಗ ಕಳಾ ಇರಲಿಲ್ಲ.

'ಮಾವಾರ, ಏನು ಉಂಡ್ರೂ ಹೊಟ್ಟ್ಯಾಗ ನಿಲ್ಲವಲ್ದ್ರಿ. ನೀರು ಕುಡದ್ರೂ ಕಾರತಾಳ. ಡಾಕ್ಟರ್ ಕೊಟ್ಟ ಔಷಧಾನೂ ಹೊರಗ ಬರತೈತಿ. ಒಣಗಿ ಕಡ್ಡಿ ಆಗ್ಯಾಳ. ಏನು ಬೇಕು ಅಂದ್ರ ಒಂದ ಮಾತು ಹೇಳತಾಳ. ಹಸಿ ಮೀನಿನ ಸಾರು ಬೇಕಂತ. ಅದೂ ಅಪ್ಪ ಮಾಡಿದ್ದ ಬೇಕಂತ.'

ಮಾಸ್ತರ ಕೈಯಾಗ ಸೀಟಿ ಇತ್ತು. ಬಯಲಾಗ ಹುಡುಗರು ಸಾಲು ಹಚ್ಚಿ ಕಾಯಾಕತ್ತಿದ್ರು. ಊದಾಕ ಮರತು ಅದನ್ನ ಕಿಸೇದಾಗ ಹಾಕಿಕೊಂಡು ಒಂದು ಸುತ್ತು ತಿರುಗಿ ಬಂದು, 'ಬಸರಿ ಬಯಕಿ ತಪ್ಪಿಸಬಾರದು. ನಡಿ, ನಾ ತರತೇನಿ' ಅಂದ್ರು.

ಮೊದಲನೆ ಸಲ ಹೊಳಿಗೇ ಹ್ವಾದ್ರು. ತಮ್ಮ ಊರಾಗ ಗಾಳ ಹಾಕಿ ಬಂಗಾರದಂಥಾ ಮೀನು ಹಿಡದು, ತೋಯಿಸಿದ ಗೋಣಿ ತಟ್ಟಿನ್ಯಾಗ ಸುತ್ತಿ ಬಸ್ಸು ಹತ್ತಿದ್ರು. ಉರಿ ಬಿಸಲು. ನಡುದಾರ್‍ಯಾಗ ಗಾಲಿ ಪಂಕ್ಚರ್ ಆಗಿ ಬಸ್ಸು ನಿಂತು ಬಿಡ್ತು. ಗಾಲಿ ಬದಲಿ ಮಾಡಿ ಹೊರಡೋದರಾಗ ಗೋಣಿ ತಟ್ಟು ಮಾತಾಡಾಕ ಹತ್ತಿತ್ತು. ಮಂದಿ ಎಲ್ಲಾ ಸೆರಗು, ರುಮಾಲು ಮೂಗಿಗೆ ಹಿಡಕೊಂಡ್ರು. ಕಂಡಕ್ಟರ್ ಬಂದು ಕೈ ಮುಗದು, 'ಮಾಸ್ತರ, ನೀವು ಕುಂದರ್ರಿ, ನಿಮ್ಮ ಸಂಗಾತಿನ್ನ ಇಳಸ್ರಿ' ಅಂದನಂತ. ರಸ್ತೆ ಬಾಜೂಕ ತಗ್ಗು ತೋಡಿ ಹುಗದು ಬಂದ್ರು. 'ಒಂದು ಬೇವಿನ ಗಿಡಕ್ಕ ಗೊಬ್ಬರಾ ಹಾಕಿ ಬಂದೇನಿ ಪಂಡಿತರ' ಅಂತ ನಗಾಕ ನೋಡಿದ್ರು. ನಗಿ ಬರಲಿಲ್ಲ. ಕಣ್ಣು ಕೆಂಪಗಿದ್ವು.

ಎರಡು ದಿನದ ಮ್ಯಾಲ ಮುಂಜಾನೆ ನಮ್ಮ ಕಟ್ಟಿ ಮುಂದ ನಿಂತ್ರು. ಒಂದು ಕೈಯಾಗ ಗಾಳದ ಕೋಲು, ಇನ್ನೊಂದರಾಗ ತಾಮ್ರದ ಕೊಡ.

'ಮರಲ ಮೀನು ಹಿಡೀಬೇಕ್ರಿ. ಹಾವಿನಂಥಾ ತಲಿ ಇರತೈತಿ ನೋಡ್ರಿ, ಅದು. ನೀರು ಕಮ್ಮಿ ಇದ್ರೂ ಮ್ಯಾಲ ಬಂದು ನಮ್ಮಂಗ ಉಸರಾಡತೈತಿ. ಕೊಡದಾಗ ಹಾಕಿದ್ರ ತಿಕೋಟಾ ತನಕಾ ಜೀವಂತ ಒಯ್ಯಬಹುದು. ಮುಳ್ಳೂ ಕಮ್ಮಿ. ಬಸರಿಗೆ, ಬ್ಯಾನಿಯವರಿಗೆ ಅದ ಮೀನು. ಅದಕ್ಕ ನಿಂತ ನೀರು ಬೇಕು. ಮಮದಾಪುರ ಕೆರ್‍ಯಾಗ ಅದಾವಂತ ನಮ್ಮ ಜವಾನ ಹೇಳ್ಯಾನ.'

'ನೀವು ಆ ಕೆರಿ ನೋಡೀರೇನು?'

'ಇಲ್ಲ. ಕೆರೀನೂ ನನ್ನ ನೋಡಿಲ್ಲ. ನಡೀರಿ.'

'ನಾ ಯಾಕ್ರಿ?'

'ಒಬ್ಬಾವ ಗಾಳ ಹಿಡೀಬೇಕು, ಒಬ್ಬಾವ ಕೊಡ ಹಿಡೀಬೇಕು.'

ನಾನು ಹೆಂಡತಿ ಮಾರಿ ನೋಡಿದೆ. ಬೈತಾಳ ಅಂತ ತಿಳಿದಿದ್ದೆ. ಆಕಿ ಸುಮ್ಮನ ರೊಟ್ಟಿ, ಶೇಂಗಾ ಹಿಂಡಿ ಅರಿವ್ಯಾಗ ಕಟ್ಟಿ ಕೈಯಾಗ ಕೊಟ್ಲು. 'ಬಸರಿ ಬಯಕಿ ಅಂದ ಮ್ಯಾಲ ಮೀನ ಇರಲಿ, ಏನರ ಇರಲಿ, ಹೋಗಿ ಬರ್ರಿ. ಬಂದ ಕೂಡಲೆ ಹಿತ್ತಲದಾಗ ಜಳಕಾ ಮಾಡಿ ಒಳಗ ಬರ್ರಿ, ಅಷ್ಟ.'

ಬಬಲೇಶ್ವರದಾಗ ಬಸ್ಸು ಬದಲಿ ಮಾಡಿ ಮಮದಾಪುರ ಮುಟ್ಟಿದಾಗ ಬಿಸಲು ಏರಿತ್ತು. ಕೆರಿ ಒಡ್ಡು ಹತ್ತಿ ನಿಂತ್ವಿ. ಎದುರಿಗೆ ಅಗಲಕ್ಕ ಹರಡಿದ ನೀರು, ದಂಡಿಗುಂಟ ಹಸರು ಹುಲ್ಲು. ನನಗಂತೂ ಭಾಳ ಸಂತೋಷಾತು. ಮಾಸ್ತರು ಕೆಳಗಿಳದು ನೀರಾಗ ಕೈ ಅದ್ದಿದ್ರು, ತಗದ್ರು, ಮತ್ತ ಅದ್ದಿದ್ರು.

'ಇದಕ್ಕ ಸೆಳವು ಎಲ್ಲೈತ್ರಿ?'

'ಕೆರಿಗೆ ಸೆಳವು ಎಲ್ಲಿಂದ ಬರಬೇಕ್ರಿ ಮಾಸ್ತರ?'

'ಹೊಳ್ಯಾಗ ಮೀನು ಸೆಳವಿಗೆ ಮಾರಿ ಮಾಡಿ ನಿಲ್ಲತೈತಿ. ಇಲ್ಲಿ ಯಾವ ಕಡೆ ಮಾರಿ ಮಾಡತಾವೋ. ಯಾರೋ ಈ ನೀರಿಗೆ ಸಾವಧಾನ್ ಅಂದು, ಮನಿಗೆ ಹೋಗಿಬಿಟ್ಟಾರ ನೋಡ್ರಿ.'

ಹೊಳಿ ಮನಷ್ಯಾ ಹೊಳಿ ಬುದ್ಧಿ ಬಿಡಲಿಲ್ಲ. ಒಡ್ಡಿನ ಬಾಜೂಕ ಎಲ್ಲಿ ನೀರು ಆಳ ಐತಿ ಹುಡುಕಿ, ದಾರಕ್ಕ ದಪ್ಪ ಕಲ್ಲು ಕಟ್ಟಿ, ಎರಿಹುಳ ಚುಚ್ಚಿ ನಡು ಮಡುವಿಗೆ ಒಗದ್ರು. ಜ್ವಾಳದ ದಂಟಿನ ಬೆಂಡು ನೀರಿನ ಮ್ಯಾಲ ಸತ್ತಂಗ ಬಿತ್ತು. ಅಲ್ಲಾಡಲಿಲ್ಲ. ಜಾಗಾ ಬದಲಿ ಮಾಡಿದ್ರು. ಅಲ್ಲೂ ಹಂಗ. ಮಾತು ಮಾತ್ರ ನಿಲ್ಲಲಿಲ್ಲ.

'ಮಾಸ್ತರ, ಜರಾ ಸುಮ್ಮಿರ್ರಿ, ಮೀನು ಓಡ್ಯಾವು.'

'ಮೀನಿಗೆ ಕಿವಿ ಎಲ್ಲವ್ರಿ?'

'ನಿಮ್ಮ ದನಿಗೆ ಕಿವಿ ಯಾಕ ಬೇಕ್ರಿ.'

ಹೊತ್ತು ನೆತ್ತಿ ಮ್ಯಾಲ ಬಂತು. ಜಾಲಿ ಗಿಡದ ನೆಳ್ಳಾಗ ಕುಂತು ರೊಟ್ಟಿ ಗಂಟು ಬಿಚ್ಚಿದೆ. ಮಾಸ್ತರು ಒಂದು ತುತ್ತು ಮುರದು ಕೈಯಾಗ ಹಿಡಕೊಂಡ್ರು, ತಿನ್ನಲಿಲ್ಲ. 'ಆಕಿ ಉಂಡಿರೂದಿಲ್ರಿ ಈಗ' ಅಂದ್ರು. ಅಷ್ಟ ಅಂದದ್ದು. ಅವರ ದನಿ ಅಷ್ಟು ಸಣ್ಣದಾಗಿದ್ದು ನಾ ಅವತ್ತ ಮೊದಲ ಸಲ ಕೇಳಿದ್ದು. ನಾನೂ ರೊಟ್ಟಿ ಗಂಟು ಹೊಳ್ಳಿ ಕಟ್ಟಿದೆ.

ಆ ಹೊತ್ತಿಗೆ ಊರ ಎಮ್ಮಿಗೋಳು ಕೆರಿಗೆ ಬಂದ್ವು. ಕಾಯೋ ಮುದುಕಿ ಗಿಡದ ಬುಡಕ್ಕ ಅಡ್ಡಾದ್ಲು. ಎಮ್ಮಿ ದಡದಡ ನೀರಿಗೆ ಇಳದ್ವು, ದಂಡಿ ಹುಲ್ಲಾಗಿನ ಕಪ್ಪಿಗೋಳು ಹೆದರಿ ಪಟಪಟ ನೀರಿಗೆ ಹಾರಿದ್ವು. ಒಂದು ಕಪ್ಪಿ ಹಾರಿ ಬಿದ್ದಲ್ಲೆ 'ಗುಳಕ್' ಅಂತ ಸಪ್ಪಳಾತು, ಕಪ್ಪಿ ಮಾಯ. ಇನ್ನೊಂದು ಹಾರಿತು, ಮತ್ತ ಗುಳಕ್.

ಮಾಸ್ತರು ರೊಟ್ಟಿ ಬಿಟ್ಟು ಎದ್ದು ನಿಂತ್ರು. 'ಪಂಡಿತರ, ನಾ ಎಂಥಾ ಹುಚ್ಚ ಅದೇನಿ. ಮೀನು ಹುಡಕೋದು ಬಿಟ್ಟು ಹೊಳಿ ಹುಡಕಾಕತ್ತೇನಿ. ನಡು ನೀರಾಗ ಏನೈತಿ ಅದಕ್ಕ ತಿನ್ನಾಕ? ಊಟ ಇಲ್ಲೈತಿ, ಎಮ್ಮಿ ಕಾಲಾಗ. ಊರಿಗೆ ಬಂದಾಕಿ ನೀರಿಗೆ ಬರದ ಇರತಾಳೇನು? ಈ ಎಮ್ಮಿ ದಿನಾ ಬರತಾವ, ಮೀನು ದಿನಾ ಪಂಗ್ತಿಗೆ ಕುಂದರತಾವ.'

ಕಲ್ಲು ಕಿತ್ತು ಒಗದ್ರು, ಬೆಂಡು ಕಿತ್ತು ಒಗದ್ರು. ಒಂದು ಕಪ್ಪಿ ಹಿಡದು ಗಾಳಕ್ಕ ಹಾಕಿದ್ರು. ನಾನು ಆ ಹೊತ್ತಿನ್ಯಾಗ ಆಕಾಶ ನೋಡಿದೆ. ಮೊಣಕಾಲು ಮಟಾ ನೀರಾಗ ನಿಂತು ಕಪ್ಪೀನ್ನ ಹುಲ್ಲಿನ ಮ್ಯಾಲ ಟಣ್ಣ ಟಣ್ಣ ಜಿಗಿಸಿಕೋತ ಎಳಕೊಂಡ್ರು. ಎರಡನೆ ಜಿಗತಕ್ಕ ನೀರು ಒಡೀತು, ಕೋಲು ಬಿಲ್ಲಿನಂಗ ಬಾಗಿತು. ಮಾಸ್ತರು ಹಿಂದ ಹಿಂದ ಸರಕೋತ, ಮೀನಿಗೆ 'ಬಾರಲೇ ಮಗನ, ಬಾ' ಅಂಕೋತ ದಂಡಿಗೆ ತಂದ್ರು. ನನ್ನ ಮುಂಗೈಕಿಂತ ಉದ್ದ, ಎಣ್ಣಿ ಹಚ್ಚಿದಂಗ ಮಿಂಚಾಕತ್ತಿತ್ತು. ನಾನು, ಜನ್ಮದಾಗ ಮೀನು ಮುಟ್ಟದಾವ, ಕೊಡದ ಬಾಯಿ ಹಿಡದು ಕುಣದಾಡಿದೆ. ಅದು ಕೊಡದಾಗ ದಬ್ ಅಂತ ಬಿತ್ತು. ಮಾಸ್ತರು ತಮ್ಮ ರುಮಾಲು ಕೊಟ್ರು, ನಾ ಬಾಯಿ ಕಟ್ಟಿದೆ. ಮಗಳು ಉಂಡಂಗ ಆತು ಅನಿಸ್ತು ನನಗ.

ಕೈ ತೊಳಕೊಳ್ಳಾಕ ಹ್ವಾದ ಮಾಸ್ತರು ಅಲ್ಲೆ ನಿಂತುಬಿಟ್ರು.

'ಪಂಡಿತರ, ಬರ್ರಿ ಇಲ್ಲೆ.'

ಎಮ್ಮಿ ಎಬ್ಬಿಸಿದ ರಾಡಿ ತಿಳಿಯಾಗಿತ್ತು. ಹುಲ್ಲಿನ ನಡುವ ನೀರಿನ ಮ್ಯಾಲ ಯಾರೋ ಖಾರಪುಡಿ ಚೆಲ್ಲಿದಂಗ ಕೆಂಪಗ ಕಂಡಿತು. ಬಗ್ಗಿ ನೋಡಿದ್ರ ಸಣ್ಣ ಸಣ್ಣ ಮರಿ, ಲೆಕ್ಕಾ ಇಲ್ಲದಷ್ಟು. ಒಮ್ಮೆ ಮ್ಯಾಲ ಬರತಿದ್ವು, ಒಮ್ಮೆ ಕೆಳಗ ಹೋಗತಿದ್ವು, ಯಾವ ಕಡೆ ಹೋಗಬೇಕು ತಿಳೀದಂಗ ಸುತ್ತತಿದ್ವು.

'ಕೊಡ ಬಿಚ್ಚರಿ' ಅಂದ್ರು.

'ಯಾಕ್ರಿ?'

'ಇದು ಮರಿ ಕಾಯಾಕತ್ತಿತ್ತು. ನಮ್ಮ ಹೊಳಿ ಮಂದಿ ಮರಿ ಕಾಯೋ ಮೀನಿಗೆ ಗಾಳ ಹಾಕಂಗಿಲ್ಲ. ನಾ ಕಾಣದ ಹಾಕೇನಿ.'

ನನಗ ಎಲ್ಲಿತ್ತೋ ಸಿಟ್ಟು. ಕೊಡ ಎದಿಗೆ ಅವಚಿಕೊಂಡೆ. 'ಮಾಸ್ತರ, ನಿಮಗ ತಲಿ ಕೆಟ್ಟೈತೇನು? ಅಲ್ಲಿ ಮಗಳು ಉಪಾಸ ಬಿದ್ದಾಳ. ಕೈಗೆ ಬಂದ ತುತ್ತು ಬಾಯಿಗೆ ಬರದಂಗ ಮಾಡತೀರಿ. ಮೀನಿಗೆ ಯಾರು ನ್ಯಾಯಾ ಕೇಳತಾರ್ರಿ? ಇದನ್ನ ಒಯ್ಯೂಣು ನಡೀರಿ.' ಲಿಂಗ ಕಟ್ಟಿಕೊಂಡಾವ ನಾನು, ಮೀನು ಕೊಲ್ಲಿರಿ ಅಂತ ಅಂಬಿಗನಿಗೆ ಕೈ ಮುಗಿಯಾಕತ್ತಿದ್ದೆ.

ಮಾಸ್ತರು ಬೈಲಿಲ್ಲ. 'ಆಕಿ ಹೊಟ್ಟ್ಯಾಗ ಒಂದು ಇಟಗೊಂಡು ಕುಂತಾಳ್ರಿ. ಇದನ್ನ ಕುದಿಸಿ ಆಕಿಗೆ ಹೆಂಗ ಉಣಸಲಿ? ನನಗ ಕೈ ಬರೂದಿಲ್ಲ' ಅಂದ್ರು. ಆಮ್ಯಾಲ ನೀರಿನ ಕಡೆ ನೋಡಿಕೋತ ಅಂದ್ರು: 'ಮರಲ ಮೀನಿನ್ಯಾಗ ಗಂಡೂ ಮರಿ ಕಾಯತೈತಿ. ಇದು ಅಪ್ಪನ ಇದ್ರೂ ಇರಬಹುದು. ಅವ್ವ ಇಲ್ಲದ ಮಕ್ಕಳು ಇದ್ರೂ ಇರಬಹುದು.'

ನಾನು ಕೊಡ ಕೆಳಗಿಟ್ಟೆ. ರುಮಾಲು ಬಿಚ್ಚಿದೆ. ಮಾಸ್ತರು ಕೊಡ ನೀರಾಗ ಬಗ್ಗಿಸಿ ಹಿಡದ್ರು. ಮೀನು ಬಾಲ ಬಡದು ಹೊರಗ ಹೋತು, ನೆಟ್ಟಗ ಆ ಕೆಂಪಿನ ಕೆಳಗ. ಮರಿ ಎಲ್ಲಾ ಒಂದ ಕಡೆ ಕೂಡಿದ್ವು. ನೋಡಿ ನನಗ ಸಿಟ್ಟೂ ಇಳೀತು, ಕಣ್ಣಾಗ ನೀರೂ ಬಂತು.

ಕಡೀ ಬಸ್ಸಿನ ಹೊತ್ತು ಸಮೀಪ ಬಂದಿತ್ತು. ಅದು ತಪ್ಪಿದ್ರ ತಿಕೋಟಾ ಮುಟ್ಟೋದು ಮರುದಿನಾನ. ಎಮ್ಮಿಗೋಳು ಆ ಮಗ್ಗಲಿಗೆ ಸರದಿದ್ವು, ನಾವೂ ಬೆನ್ನು ಹತ್ತಿದ್ವಿ. ಈಗ ಹೊಸಾ ಪದ್ಧತಿ ಸುರುವಾತು. ಗಾಳ ಹಾಕೋದಕ್ಕಿಂತ ಮೊದಲ ನಾನು ಧೋತರ ಎತ್ತಿ ಕಟ್ಟಿಕೊಂಡು ನೀರಾಗ ಇಳದು, ಕೆಂಪು ಕಾಣತೈತೇನು ಅಂತ ಬಗ್ಗಿ ಬಗ್ಗಿ ನೋಡಬೇಕು.

'ಇಲ್ಲಿ ಮಕ್ಕಳಿಲ್ಲಲ್ರಿ?'

'ಇಲ್ರಿ.'

'ಬರೋಬ್ಬರಿ ನೋಡ್ರಿ ಪಂಡಿತರ. ಚಾಳೀಸು ಹಾಕ್ಕೊಂಡು ನೋಡ್ರಿ.'

ಮುದುಕಿ ಎದ್ದು ಕುಂತು ನಮ್ಮ ನಾಟಕ ನೋಡಾಕತ್ತಿದ್ಲು. 'ಏನ ಹುಡಕಾಕತ್ತೀರಿ ಯಪ್ಪಾ?' ಅಂದ್ಲು. 'ಮೀನಿನ ಮಕ್ಕಳ್ನಬೇ' ಅಂದೆ. ಆಕಿ ಸೆರಗು ಬಾಯಿಗೆ ಹಿಡಕೊಂಡು ಮತ್ತ ಅಡ್ಡಾದ್ಲು. ಎಷ್ಟು ಕಡೆ ಹಾಕಿದ್ವೋ, ಹೊತ್ತು ಇಳಿಯೋ ಹೊತ್ತಿಗೆ ಒಂದು ಸಿಕ್ಕಿತು. ಮೊದಲಿಂದಕ್ಕಿಂತ ಸಣ್ಣದು, ಆದ್ರ ಒಂಟಿ. ಕೊಡದಾಗ ಹಾಕಿ ಬಸ್ಸಿಗೆ ಓಡಿದ್ವಿ.

ಬಸ್ಸಿನ್ಯಾಗ ಇನ್ನೊಂದು ಪಜೀತಿ. ನಮ್ಮ ಕಡೆ ಬ್ಯಾಸಗ್ಯಾಗ ನೀರು ಕೇಳಿದವರಿಗೆ ಇಲ್ಲ ಅನ್ನಂಗಿಲ್ಲ, ಇಲ್ಲ ಅಂದ್ರ ಏಳು ಜನ್ಮದ ಪಾಪ. ಎದುರಿಗೆ ಕುಂತ ಅಜ್ಜ ತಾಮ್ರದ ಕೊಡ ನೋಡಿ, 'ಮಾಸ್ತರ, ಗಂಟಲಾ ಒಣಗೇತ್ರಿ, ಒಂದು ಗುಟಕು ಹನಸ್ರಿ' ಅಂತ ಬೊಗಸಿ ಒಡ್ಡಿದ. ಮಾಸ್ತರು ನನ್ನ ಮಾರಿ ನೋಡಿದ್ರು, ಕೊಡದ ಮಾರಿ ನೋಡಿದ್ರು. ಅಷ್ಟರಾಗ ಒಳಗಿನಾತ ತಾನ ದಬದಬ ಬಡದು ಉತ್ತರಾ ಕೊಟ್ಟ. ಅಜ್ಜ ಬೊಗಸಿ ಹಿಂದಕ ತಗೊಂಡ.

'ಬಸರಿ ಮಗಳಿಗೆ ಒಯ್ಯಾಕತ್ತೇನ್ರಿ ಅಜ್ಜಾರ' ಅಂತ ಮಾಸ್ತರು ಎಲ್ಲಾ ಹೇಳಿದ್ರು. ಆ ದನಿಗೆ ಬಸ್ಸಿಗೆಲ್ಲಾ ಕೇಳಿಸ್ತು. ಹೆಣ್ಣುಮಕ್ಕಳು 'ಲಗೂನ ಹೊಡಿಯೋ ಡ್ರೈವರಪ್ಪಾ' ಅಂತ ಕೂಗಿದ್ರು. ಕಂಡಕ್ಟರ್ ಕೊಡದ ಮ್ಯಾಲ ಬಡದು, 'ಇವರಿಗೆ ಟಿಕೀಟು ತಗಸೋದೇನ್ರಿ?' ಅಂತ ಕೇಳಿದ. ಬಬಲೇಶ್ವರದಾಗ ಇಳದ ಕೂಡಲೆ ಮಾಸ್ತರು ಹೋಟೆಲಿಗೆ ಓಡಿ ತಂಬಿಗಿ ತುಂಬ ನೀರು ತಂದು ಅಜ್ಜಗ ತಾವ ಹನಿಸಿದ್ರು. ಆಮ್ಯಾಲ ತಿಕೋಟಾ ಬಸ್ಸು ಹಿಡದ್ವಿ.

ಮನಿ ಮುಟ್ಟಿದಾಗ ದೀಪಾ ಹಚ್ಚೋ ಹೊತ್ತು. ಮಗಳು ಹೊರಸಿನ ಮ್ಯಾಲ ಮಲಗಿದ್ಲು. ಮಾರಿ ಬಿಳಚಿ, ಕೈ ಕಡ್ಡ್ಯಾಗಿ, ನೋಡಿದ್ರ ಸಂಕಟಾಗ್ತಿತ್ತು. ಅಪ್ಪನ್ನ ನೋಡಿ ಏಳಾಕ ಹ್ವಾದ್ಲು, ಮಾಸ್ತರು 'ಅಲಗಾಡಬ್ಯಾಡ' ಅಂದ್ರು. ಬೀಗತಿ ಒಲಿ ಮುಂದಿಂದ ಎದ್ದು, 'ಬೀಗರ, ಇವತ್ತು ಒಲಿ ನಿಮ್ಮದು' ಅಂತ ಜಾಗಾ ಬಿಟ್ಟುಕೊಟ್ರು. ನಾನು ಅಂಗಳದಾಗ ಕುಂತು ಅಳಿಯಗ, ಮಗಳಿಗೆ ಬಸ್ಸಿನ ಕತಿ ಹೇಳಿದೆ. ಕೆರಿ ಕತಿ ಹೇಳಲಿಲ್ಲ, ಅದು ಮಾಸ್ತರದು ಅಂತ ಬಿಟ್ಟೆ. ಅಜ್ಜನ ಬೊಗಸಿ ಮಾತಿಗೆ ಮಗಳು ನಕ್ಕಳು. 'ಆಕಿ ನಕ್ಕು ಭಾಳ ದಿನಾ ಆಗಿತ್ರಿ' ಅಂದ ಅಳಿಯ ನನಗ ಮೆಲ್ಲಗ.

ಸಾರು ಬಂತು, ಮೆತ್ತನ್ನ ಜ್ವಾಳದ ರೊಟ್ಟಿ ಬಂತು. ಮೊದಲನೆ ತುತ್ತು ಬಾಯಿಗೆ ಇಟಗೊಂಡಾಗ ಮನಿ ಮಂದಿ ಎಲ್ಲಾ ಉಸರು ಹಿಡದು ನಿಂತ್ರು. ಬೀಗತಿ ಕೈಯಾಗ ಬುಟ್ಟಿ ಹಿಡದು ತಯಾರಾಗಿದ್ರು, ಕಾರಿದ್ರ ಇರಲಿ ಅಂತ. ತುತ್ತು ಇಳೀತು. ಎರಡನೇದೂ ಇಳೀತು. ಆಕಿ ತಾಟಿನ ಮ್ಯಾಲಿಂದ ಮಾರಿ ಎತ್ತಲಿಲ್ಲ, ಮುಳ್ಳು ಬಾಜೂಕ ಇಟ್ಟು, ಬಟ್ಟು ನೆಕ್ಕಿಕೋತ, ಸಣ್ಣಾಕಿ ಇದ್ದಾಗ ಉಂಡಂಗ ಉಂಡ್ಲು. ಬೀಗತಿ ಬುಟ್ಟಿ ಮೂಲ್ಯಾಗ ಇಟ್ಟು ಬಂದ್ರು.

ತಾಟು ಖಾಲಿ ಆದ ಮ್ಯಾಲ ಆಕಿ ತಲಿ ಎತ್ತಿ, 'ಯಪ್ಪಾ, ಮೀನು ಸಣ್ಣದಾತು. ಅಷ್ಟು ದೊಡ್ಡ ಕೆರ್‍ಯಾಗ ಇದಕ್ಕಿಂತ ದೊಡ್ಡದು ಸಿಗಲಿಲ್ಲೇನು?' ಅಂದ್ಲು.

ನಾನು ಬಾಯಿ ತೆರೆದೆ. ಮಾಸ್ತರು ಕಣ್ಣಿಲೆ ನನ್ನ ಸುಮ್ಮನಾಗಿಸಿದ್ರು.

'ಸಿಕ್ಕಿತ್ತು ಯವ್ವಾ. ಅದರ ಮನ್ಯಾಗ ಸಣ್ಣ ಮಕ್ಕಳಿದ್ವು.'

ಮಗಳು ಅಪ್ಪನ ಮಾರಿ ನೋಡಿದ್ಲು. ಆಮ್ಯಾಲ ತಾಟು ಮುಂದಕ ಸರಿಸಿ ಅಂದ್ಲು: 'ಹಂಗಾರ ಬೋಗುಣ್ಯಾಗ ಉಳದದ್ದೂ ನನಗ ಹಾಕು. ನೀನೂ ಪಂಡಿತರೂ ಹಿಂಡಿ ರೊಟ್ಟಿ ತಿನ್ರಿ.'